ಹಳೆಯ ಫೈಟಿಂಗ್ ಗೇಮ್ ಹೊಸ ಕನ್ಸೋಲ್‌ಗೆ ಮರಳುವಾಗ ಯಾವುದನ್ನು ಮುಟ್ಟಬಾರದು, ಯಾವುದನ್ನು ಹೊಸದಾಗಿ ಕಟ್ಟಬೇಕು?

ಪ್ರಶ್ನೆ

ತೊಂಬತ್ತರ ದಶಕದ ಫೈಟಿಂಗ್ ಗೇಮ್‌ಗಳು ಒಂದರ ಹಿಂದೊಂದರಂತೆ ಈಗಿನ ಕನ್ಸೋಲ್‌ಗಳಿಗೆ ಮರಳಿ ಬರುತ್ತಿವೆ. 2018ರಲ್ಲಿ ಸ್ಟ್ರೀಟ್ ಫೈಟರ್ ಸರಣಿಯ ಮೂವತ್ತನೇ ವಾರ್ಷಿಕೋತ್ಸವದ ಸಂಕಲನವು ಹನ್ನೆರಡು ಆರ್ಕೇಡ್ ಆಟಗಳನ್ನು ಒಟ್ಟಿಗೆ ತಂದಿತು. 2022ರಲ್ಲಿ ಕ್ಯಾಪ್‌ಕಾಮ್ ಫೈಟಿಂಗ್ ಕಲೆಕ್ಷನ್ ಬಂತು, 2024ರಲ್ಲಿ ಮಾರ್ವೆಲ್ ವರ್ಸಸ್ ಕ್ಯಾಪ್‌ಕಾಮ್ ಸರಣಿಯ ಹಳೆಯ ಆಟಗಳು ಬಂದವು. ಈ ಆಟಗಳನ್ನು ಆರ್ಕೇಡ್ ಯಂತ್ರದ ಮುಂದೆ ನಿಂತು ಕಲಿತವರಲ್ಲಿ ನಾನೂ ಒಬ್ಬನಾದ್ದರಿಂದ ಪ್ರತಿಯೊಂದು ಮರುಬಿಡುಗಡೆಯನ್ನೂ ಆಸೆಯಿಂದ ಎದುರು ನೋಡುತ್ತೇನೆ.

ಆದರೆ ಇತ್ತೀಚೆಗೆ ಕೊಂಡ ಒಂದು ಆಟ ನನ್ನನ್ನು ಗೊಂದಲಕ್ಕೆ ದೂಡಿದೆ. ಚಿತ್ರ ಸ್ಫುಟವಾಗಿದೆ, ಸಂಗೀತ ನೆನಪಿನಲ್ಲಿದ್ದಂತೆಯೇ ಇದೆ, ಪಾತ್ರಗಳ ಚಲನೆಯಲ್ಲಿ ಕಣ್ಣಿಗೆ ಕಾಣುವಂತಹ ವ್ಯತ್ಯಾಸವೇನೂ ಇಲ್ಲ. ಹಾಗಿದ್ದರೂ ಎದುರಾಳಿ ಜಿಗಿದದ್ದನ್ನು ಕಂಡ ಕೂಡಲೇ ಒತ್ತಿದ ಡ್ರಾಗನ್ ಪಂಚ್ (ಮೇಲಕ್ಕೆ ಜಿಗಿದು ಹೊಡೆಯುವ ವಿಶೇಷ ಹೊಡೆತ) ತಡವಾಗುತ್ತದೆ. ಕುಳಿತು ಹೊಡೆಯುವ ಲಘು ಪಂಚ್‌ನಿಂದ ಮತ್ತೊಂದು ಪಂಚ್‌ಗೆ ಕೊಂಡಿ ಹಾಕುವಾಗ, ಅಂದರೆ ಎದುರಾಳಿ ಚೇತರಿಸಿಕೊಳ್ಳುವ ಮೊದಲೇ ಮುಂದಿನ ಏಟನ್ನು ಕೂಡಿಸುವಾಗ, ಒಮ್ಮೆ ಕೂಡುತ್ತದೆ, ಮತ್ತೊಮ್ಮೆ ಅದೇ ಲಯದಲ್ಲಿ ಒತ್ತಿದರೂ ಕೂಡುವುದಿಲ್ಲ. ಆನ್‌ಲೈನ್‌ನಲ್ಲಿ ಆಡಿದರಂತೂ ಇಡೀ ಆಟವೇ ಕೆಲವು ಕ್ಷಣ ನೀರಿನಲ್ಲಿ ನಡೆಯುತ್ತಿರುವಂತೆ ಭಾಸವಾಗುತ್ತದೆ.

ಇದಕ್ಕೆ ಕಾರಣ ನನ್ನ ಟಿವಿಯೇ, ಕಂಟ್ರೋಲರ್ರೇ, ಅಥವಾ ಆಟವನ್ನು ಹೊಸ ಯಂತ್ರಕ್ಕೆ ತಂದ ರೀತಿಯೇ ಎಂಬುದನ್ನು ತಿಳಿಯುವ ದಾರಿ ಯಾವುದು? ಅದಕ್ಕಿಂತ ದೊಡ್ಡ ಪ್ರಶ್ನೆಯೂ ಒಂದಿದೆ. ಇಂತಹ ಆಟವನ್ನು ಎಮ್ಯುಲೇಷನ್ ಮೂಲಕ, ಅಂದರೆ ಹಳೆಯ ಯಂತ್ರವನ್ನು ಸಾಫ್ಟ್‌ವೇರ್‌ನಲ್ಲಿ ಅನುಕರಿಸಿ, ಇದ್ದಂತೆಯೇ ತರುವುದು ಸರಿಯೋ, ಹೊಸ ಚಿತ್ರಗಳೊಂದಿಗೆ ಮೊದಲಿನಿಂದ ಕಟ್ಟುವುದು ಸರಿಯೋ? ಹತ್ತಿರದಿಂದ ಬಲ್ಲವರು ವಿವರವಾಗಿ ಬರೆದರೆ ಉಪಕಾರವಾಗುತ್ತದೆ.

ಮೊದಲ ಉತ್ತರ

ನೀವು ಹೇಳಿದ ಎರಡು ತೊಂದರೆಗಳು ನೋಡುವುದಕ್ಕೆ ಒಂದೇ ರೀತಿ ಕಂಡರೂ ಅವುಗಳ ಮೂಲ ಬೇರೆ ಬೇರೆ. ಅದನ್ನು ಬಿಡಿಸಿಕೊಂಡರೆ ನಿಮ್ಮ ಮೊದಲ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಂತೆ.

ಗುಂಡಿ ಒತ್ತಿದ ಕ್ಷಣದಿಂದ ಪರದೆಯ ಮೇಲೆ ಅದರ ಫಲ ಕಾಣುವವರೆಗಿನ ವಿಳಂಬ, ಅಂದರೆ ಇನ್‌ಪುಟ್ ಲ್ಯಾಗ್, ಯಾವಾಗಲೂ ಒಂದೇ ಸಮನಾಗಿದ್ದರೆ ಅದು ಕೆಡಿಸುವುದು ನೋಡಿ ಪ್ರತಿಕ್ರಿಯಿಸುವ ಕೆಲಸಗಳನ್ನು ಮಾತ್ರ. ಜಿಗಿತವನ್ನು ಕಂಡು ಡ್ರಾಗನ್ ಪಂಚ್ ಒತ್ತುವುದು ಈ ಬಗೆಯದು. ಸೆಕೆಂಡಿಗೆ 60 ಫ್ರೇಮ್‌ಗಳ, ಅಂದರೆ 60 ಚಿತ್ರಗಳ, ಆಟದಲ್ಲಿ ಒಂದು ಫ್ರೇಮ್ ಎಂದರೆ ಸುಮಾರು 16.7 ಮಿಲಿಸೆಕೆಂಡ್; ನಾಲ್ಕು ಫ್ರೇಮ್ ತಡವಾದರೆ 67 ಮಿಲಿಸೆಕೆಂಡ್ ಕಳೆದುಹೋಯಿತು, ಅಷ್ಟರೊಳಗೆ ಎದುರಾಳಿಯ ಕಾಲು ನಿಮ್ಮ ತಲೆಯನ್ನು ಮುಟ್ಟಿರುತ್ತದೆ. ಕೊಂಡಿ ಹಾಕುವ ಕೆಲಸ ಹಾಗಲ್ಲ. ಅಲ್ಲಿ ಲೆಕ್ಕಕ್ಕೆ ಬರುವುದು ಎರಡು ಒತ್ತುಗಳ ನಡುವಿನ ಅಂತರ. ಎರಡೂ ಒತ್ತುಗಳು ಒಂದೇ ಪ್ರಮಾಣದಲ್ಲಿ ತಡವಾದರೆ ಅಂತರ ಬದಲಾಗುವುದಿಲ್ಲ, ಆದ್ದರಿಂದ ಲಯದಿಂದ ಆಡುವ ಕೈಗೆ ಅದು ಅಡ್ಡಿಯಾಗಬಾರದು. ಅದೇ ಲಯದಲ್ಲಿ ಒತ್ತಿದರೂ ಒಮ್ಮೆ ಕೂಡಿ ಮತ್ತೊಮ್ಮೆ ತಪ್ಪುತ್ತಿದೆ ಎಂದರೆ ವಿಳಂಬ ಏರಿಳಿಯುತ್ತಿದೆ ಎಂದರ್ಥ. ನನ್ನ ಮಟ್ಟಿಗೆ ಹೆಚ್ಚು ವಿಳಂಬಕ್ಕಿಂತ ಏರಿಳಿಯುವ ವಿಳಂಬವೇ ಹೆಚ್ಚು ಕೆಟ್ಟದ್ದು, ಏಕೆಂದರೆ ಅದಕ್ಕೆ ಕೈ ಒಗ್ಗುವುದೇ ಇಲ್ಲ.

ಏರಿಳಿತಕ್ಕೆ ಹಲವು ಕಾರಣಗಳಿವೆ. ನಿಸ್ತಂತು ಕಂಟ್ರೋಲರ್ ಒಂದು ಕಾರಣ. ಆದರೆ ಮರುಬಿಡುಗಡೆಗಳಲ್ಲಿ ಹೆಚ್ಚಾಗಿ ಯಾರೂ ಮಾತನಾಡದ ಕಾರಣ ಪರದೆಯ ದರ, ಅಂದರೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಾಗುತ್ತದೆ ಎಂಬುದು (ಇದನ್ನು ಹರ್ಟ್ಸ್‌ನಲ್ಲಿ ಅಳೆಯುತ್ತಾರೆ). ಹಳೆಯ ಆರ್ಕೇಡ್ ಯಂತ್ರಗಳು ಸರಿಯಾಗಿ 60 ಹರ್ಟ್ಸ್‌ನಲ್ಲಿ ಓಡುತ್ತಿರಲಿಲ್ಲ. ಸ್ಟ್ರೀಟ್ ಫೈಟರ್ 2 ಓಡುತ್ತಿದ್ದ ಸಿಪಿಎಸ್-1 ಯಂತ್ರದ ದರ ಸುಮಾರು 59.6, ನಿಯೊ ಜಿಯೊ ಯಂತ್ರದ್ದು ಸುಮಾರು 59.2. ಇವು 60ಕ್ಕೆ ಹತ್ತಿರವಿರುವುದರಿಂದ ಆಟವನ್ನು ಕೂದಲೆಳೆಯಷ್ಟು ವೇಗವಾಗಿ ಓಡಿಸಿದರೂ ಯಾರಿಗೂ ತಿಳಿಯುವುದಿಲ್ಲ. ಆದರೆ ಮೊದಲ ಮಾರ್ಟಲ್ ಕಾಂಬ್ಯಾಟ್‌ನ ಆರ್ಕೇಡ್ ದರ ಸುಮಾರು 54.7. ಅದನ್ನು 60 ಹರ್ಟ್ಸ್ ಟಿವಿಯಲ್ಲಿ ಮೂಲ ವೇಗದಲ್ಲೇ ತೋರಿಸಬೇಕೆಂದರೆ ಪ್ರತಿ ಸೆಕೆಂಡಿಗೆ ಐದಾರು ಫ್ರೇಮ್‌ಗಳನ್ನು ಎರಡೆರಡು ಬಾರಿ ತೋರಿಸಬೇಕಾಗುತ್ತದೆ, ಚಲನೆ ಅಲ್ಲಲ್ಲಿ ಎಡವುತ್ತದೆ. ಎಡವದಂತೆ ಓಡಿಸಿದರೆ ಆಟವೇ ಸುಮಾರು ಶೇಕಡಾ ಹತ್ತರಷ್ಟು ವೇಗವಾಗುತ್ತದೆ. ಪರದೆಯ ದರವನ್ನು ಆಟಕ್ಕೆ ತಕ್ಕಂತೆ ಹೊಂದಿಸಿಕೊಳ್ಳುವ ವಿಆರ್‌ಆರ್ ಸೌಲಭ್ಯ ಈಗಿನ ಕೆಲವು ಕನ್ಸೋಲ್ ಮತ್ತು ಟಿವಿಗಳಲ್ಲಿ ಇರುವುದರಿಂದ, ಅದನ್ನು ಬಳಸಿಕೊಳ್ಳುವ ಮರುಬಿಡುಗಡೆಗೆ ಈ ಇಕ್ಕಟ್ಟು ಇರಬೇಕಾಗಿಲ್ಲ.

ದರದ ವಿಷಯದಲ್ಲಿ ಅಸಡ್ಡೆ ತೋರಿದರೆ ಏನಾಗುತ್ತದೆ ಎಂಬುದಕ್ಕೆ 2018ರ ಡಿಸೆಂಬರ್‌ನಲ್ಲಿ ಬಂದ, ಹಳೆಯ ಆಟಗಳನ್ನು ತುಂಬಿಕೊಟ್ಟ ಚಿಕ್ಕ ಕನ್ಸೋಲ್ ಪ್ಲೇಸ್ಟೇಷನ್ ಕ್ಲಾಸಿಕ್ ಒಳ್ಳೆಯ ಉದಾಹರಣೆ. ಅದರಲ್ಲಿದ್ದ ಇಪ್ಪತ್ತು ಆಟಗಳಲ್ಲಿ ಟೆಕ್ಕನ್ 3 ಸೇರಿದಂತೆ ಹಲವು ಆಟಗಳು ಯುರೋಪಿನ ಟಿವಿಗಳಿಗಾಗಿ ಮಾಡಿದ 50 ಹರ್ಟ್ಸ್ ಆವೃತ್ತಿಗಳಾಗಿದ್ದವು. 60 ಹರ್ಟ್ಸ್ ಪರದೆಯಲ್ಲಿ ಪ್ರತಿ ಐದನೆಯ ಫ್ರೇಮ್ ಮರುಕಳಿಸುತ್ತಿತ್ತು. 60 ಹರ್ಟ್ಸ್‌ನ ಆವೃತ್ತಿ ಇದ್ದೂ ಅದನ್ನು ಆರಿಸಿಕೊಳ್ಳದಿದ್ದುದು ಅಭಿಮಾನಿಗಳಿಗೆ ನೋವು ತಂದ ಸಂಗತಿ.

ಎಮ್ಯುಲೇಷನ್ ಎಷ್ಟು ನಿಖರವಾಗಿದೆ ಎಂದು ನೋಡಲು ನಾನು ಮೊದಲು ಗಮನಿಸುವುದು ಸ್ಟ್ರೀಟ್ ಫೈಟರ್ 2ರಲ್ಲಿ ಪಾತ್ರಗಳ ಕಾಲ ಕೆಳಗಿನ ನೆರಳನ್ನು. ಆ ಯಂತ್ರಕ್ಕೆ ಅರೆಪಾರದರ್ಶಕ ಬಣ್ಣ ತೋರಿಸುವ ಶಕ್ತಿ ಇರಲಿಲ್ಲವಾದ್ದರಿಂದ ನೆರಳನ್ನು ಒಂದು ಫ್ರೇಮ್‌ನಲ್ಲಿ ಬಿಡಿಸಿ ಮುಂದಿನ ಫ್ರೇಮ್‌ನಲ್ಲಿ ಬಿಟ್ಟುಬಿಡುತ್ತಿದ್ದರು. ಹಳೆಯ ಟ್ಯೂಬ್ ಪರದೆಯಲ್ಲಿ ಅದು ತಿಳಿಗಪ್ಪು ನೆರಳಾಗಿ ಬೆರೆತು ಕಾಣುತ್ತಿತ್ತು. ಫ್ರೇಮ್‌ಗಳು ಬಿಟ್ಟುಹೋಗುತ್ತಿದ್ದರೆ ಅಥವಾ ಮರುಕಳಿಸುತ್ತಿದ್ದರೆ ಈ ನೆರಳಿನ ಮಿಣುಕು ಲಯ ತಪ್ಪುತ್ತದೆ, ಕೆಲವೊಮ್ಮೆ ನೆರಳು ಕ್ಷಣಕಾಲ ಮಾಯವಾಗುತ್ತದೆ ಅಥವಾ ಗಟ್ಟಿಯಾಗಿ ನಿಂತುಬಿಡುತ್ತದೆ. ಉಪಕರಣವೇನೂ ಇಲ್ಲದೆ ಮಾಡಬಹುದಾದ ಪರೀಕ್ಷೆ ಇದು.

ಸದ್ಯಕ್ಕೆ ಟಿವಿಯಲ್ಲಿ ಗೇಮ್ ಮೋಡ್ ಹಾಕಿ, ಚಲನೆಯನ್ನು ನುಣುಪಾಗಿಸುವ ಎಲ್ಲ ಸೌಲಭ್ಯಗಳನ್ನೂ ತೆಗೆದುಹಾಕಿ, ಕಂಟ್ರೋಲರ್ ಅನ್ನು ತಂತಿಯ ಮೂಲಕ ಜೋಡಿಸಿ ನೋಡಿ. ಪ್ರತಿಕ್ರಿಯೆ ಸುಧಾರಿಸಿ ಕೊಂಡಿಗಳು ಮಾತ್ರ ಹಾಗೆಯೇ ತಪ್ಪುತ್ತಿದ್ದರೆ ದೋಷ ಆಟವನ್ನು ತಂದ ರೀತಿಯಲ್ಲೇ ಇದೆ ಎಂದು ಧೈರ್ಯವಾಗಿ ಹೇಳಬಹುದು.

ಎರಡನೆಯ ಉತ್ತರ

ಮೇಲಿನ ವಿವರಣೆಗೆ ನನ್ನ ಪೂರ್ಣ ಸಹಮತವಿದೆ. ನಾನು ಆನ್‌ಲೈನ್ ಭಾಗದ ಬಗ್ಗೆ ಮಾತ್ರ ಬರೆಯುತ್ತೇನೆ, ಏಕೆಂದರೆ ಮರುಬಿಡುಗಡೆಯೊಂದು ಆರು ತಿಂಗಳ ನಂತರವೂ ಬದುಕಿರುತ್ತದೆಯೇ ಇಲ್ಲವೇ ಎಂಬುದು ನಿರ್ಧಾರವಾಗುವುದು ಅಲ್ಲಿಯೇ.

ನೀವು ಹೇಳಿದ ನೀರಿನಲ್ಲಿ ನಡೆಯುವ ಅನುಭವ ವಿಳಂಬ ಆಧಾರಿತ ನೆಟ್‌ಕೋಡ್‌ನ (ಆನ್‌ಲೈನ್‌ನಲ್ಲಿ ಇಬ್ಬರ ಯಂತ್ರಗಳನ್ನು ಹೊಂದಿಸುವ ಭಾಗ) ಗುರುತು. ಆ ಪದ್ಧತಿಯಲ್ಲಿ ಇಬ್ಬರು ಆಟಗಾರರ ಒತ್ತುಗಳೂ ಎರಡೂ ಯಂತ್ರಗಳನ್ನು ತಲುಪುವವರೆಗೆ ಆಟ ಮುಂದಿನ ಫ್ರೇಮ್‌ಗೆ ಹೋಗುವುದಿಲ್ಲ. ಸಂಪರ್ಕ ಸ್ವಲ್ಪ ತೂಕಡಿಸಿದರೂ ಆಟ ನಿಂತು ಕಾಯುತ್ತದೆ. ರೋಲ್‌ಬ್ಯಾಕ್ ಪದ್ಧತಿಯಲ್ಲಿ ಆಟ ಕಾಯುವುದಿಲ್ಲ. ಎದುರಾಳಿ ಕಳೆದ ಫ್ರೇಮ್‌ನಲ್ಲಿ ಏನನ್ನು ಒತ್ತಿದ್ದನೋ ಅದನ್ನೇ ಈಗಲೂ ಒತ್ತಿದ್ದಾನೆ ಎಂದು ಊಹಿಸಿ ಮುಂದುವರಿಯುತ್ತದೆ. ನಿಜವಾದ ಒತ್ತು ಬಂದು ತಲುಪಿದಾಗ ಊಹೆ ತಪ್ಪೆಂದು ತಿಳಿದರೆ, ಹಿಂದೆ ಉಳಿಸಿಟ್ಟ ಸ್ಥಿತಿಗೆ ಮರಳಿ, ಸರಿಯಾದ ಒತ್ತಿನೊಂದಿಗೆ ನಡುವಿನ ಫ್ರೇಮ್‌ಗಳನ್ನೆಲ್ಲ ಮತ್ತೆ ಲೆಕ್ಕ ಹಾಕಿ, ಒಂದೇ ಫ್ರೇಮ್‌ನ ಅವಧಿಯೊಳಗೆ ವರ್ತಮಾನಕ್ಕೆ ಬಂದುಬಿಡುತ್ತದೆ. ಹೋಗಿಬರುವ ಸಮಯ 100 ಮಿಲಿಸೆಕೆಂಡ್ ಇದ್ದರೆ ಒತ್ತು ತಲುಪಲು 50, ಅಂದರೆ ಮೂರು ಫ್ರೇಮ್. ಫೈಟಿಂಗ್ ಗೇಮ್‌ನಲ್ಲಿ ಬಹುಪಾಲು ಫ್ರೇಮ್‌ಗಳಲ್ಲಿ ಆಟಗಾರ ಹಿಂದಿನ ಫ್ರೇಮ್‌ನಲ್ಲಿ ಹಿಡಿದದ್ದನ್ನೇ ಹಿಡಿದಿರುವುದರಿಂದ ಊಹೆ ಬಹಳ ಸಲ ಸರಿಯಾಗಿಯೇ ಇರುತ್ತದೆ, ಮತ್ತು ನಿಮ್ಮ ಗುಂಡಿಗಳಿಗೆ ಆಟ ತಕ್ಷಣ ಓಗೊಡುತ್ತದೆ.

ಈ ಪದ್ಧತಿಯನ್ನು ಫೈಟಿಂಗ್ ಗೇಮ್‌ಗಳಲ್ಲಿ ಬೇರೂರಿಸಿದ್ದು ಟೋನಿ ಕ್ಯಾನನ್ ರೂಪಿಸಿದ ಜಿಜಿಪಿಒ ಎಂಬ ತಂತ್ರಾಂಶ. 2011ರಲ್ಲಿ ಬಂದ ಸ್ಟ್ರೀಟ್ ಫೈಟರ್ 3: ಥರ್ಡ್ ಸ್ಟ್ರೈಕ್ ಆನ್‌ಲೈನ್ ಎಡಿಷನ್ ಅದನ್ನೇ ಬಳಸಿತು, 2019ರಲ್ಲಿ ಅದರ ಮೂಲ ಸಂಕೇತವನ್ನು ಎಲ್ಲರಿಗೂ ಮುಕ್ತವಾಗಿ ಬಿಟ್ಟುಕೊಡಲಾಯಿತು. ಆದ್ದರಿಂದ ಇಂದು ಒಂದು ಸಂಸ್ಥೆ ವಿಳಂಬ ಆಧಾರಿತ ನೆಟ್‌ಕೋಡ್‌ನೊಂದಿಗೆ ಎರಡು ಆಯಾಮದ ಹಳೆಯ ಆಟವನ್ನು ಮಾರುವುದಕ್ಕೆ ನನಗೆ ಯಾವ ಸಮರ್ಥನೆಯೂ ಕಾಣುವುದಿಲ್ಲ.

ಎಮ್ಯುಲೇಷನ್ ಬೇಕೋ ಹೊಸ ಕಟ್ಟುವಿಕೆ ಬೇಕೋ ಎಂಬ ನಿಮ್ಮ ಎರಡನೆಯ ಪ್ರಶ್ನೆಗೂ ಇಲ್ಲಿ ಒಂದು ಉತ್ತರವಿದೆ. ರೋಲ್‌ಬ್ಯಾಕ್‌ಗೆ ಎರಡು ಗುಣಗಳು ಅಗತ್ಯ: ಒಂದೇ ಸ್ಥಿತಿಗೆ ಒಂದೇ ಒತ್ತನ್ನು ಕೊಟ್ಟರೆ ಆಟ ಪ್ರತಿ ಸಲವೂ ಒಂದೇ ಫಲವನ್ನು ಕೊಡಬೇಕು, ಮತ್ತು ಆಟದ ಇಡೀ ಸ್ಥಿತಿಯನ್ನು ಕಣ್ಣುಮಿಟುಕಿಸುವುದರೊಳಗೆ ಉಳಿಸಿ ಮರಳಿ ತರಲು ಬರಬೇಕು. ಎಮ್ಯುಲೇಟರ್‌ನೊಳಗೆ ಓಡುವ ಹಳೆಯ ಆರ್ಕೇಡ್ ಆಟದಲ್ಲಿ ಯಾದೃಚ್ಛಿಕ ಸಂಖ್ಯೆಯೂ ಸೇರಿದಂತೆ ಸರ್ವಸ್ವವೂ ಆ ಯಂತ್ರದ ನೆನಪಿನೊಳಗೇ ಇರುತ್ತದೆ, ಆ ನೆನಪೋ ಇಂದಿನ ಅಳತೆಯಲ್ಲಿ ತೀರ ಚಿಕ್ಕದು. ಅದನ್ನು ನಕಲು ಮಾಡುವುದು ಈಗಿನ ಕನ್ಸೋಲ್‌ಗೆ ಏನೂ ಭಾರವಲ್ಲ. ಮೂರು ಆಯಾಮದ ಆಟವನ್ನು ಹೊಸ ಎಂಜಿನ್‌ಗೆ ತಂದಾಗ ಕಷ್ಟ ಮೊದಲಾಗುತ್ತದೆ: ಅಲ್ಲಿ ಸ್ಥಿತಿ ದೊಡ್ಡದು, ಬಟ್ಟೆ ಕೂದಲುಗಳ ಚಲನೆಯಂತಹ ಲೆಕ್ಕಗಳು ಬೇರೆ ಬೇರೆ ಕಡೆ ಹರಡಿರುತ್ತವೆ, ಅವನ್ನೆಲ್ಲ ಹಿಂದಕ್ಕೆ ಸರಿಸುವಂತೆ ಬರೆಯುವುದು ನಿಜವಾದ ದುಡಿಮೆ. ವರ್ಚುವಾ ಫೈಟರ್ 5 ಆಟವನ್ನು 2021ರಲ್ಲಿ ಅಲ್ಟಿಮೇಟ್ ಶೋಡೌನ್ ಎಂಬ ಹೆಸರಿನಲ್ಲಿ ಹೊಸ ಎಂಜಿನ್‌ನ ಮೇಲೆ ತಂದಾಗ ಅದರಲ್ಲಿ ರೋಲ್‌ಬ್ಯಾಕ್ ಇರಲಿಲ್ಲ. ಅದು ಬಂದದ್ದು 2025ರ ರೆವೊ ಆವೃತ್ತಿಯಲ್ಲಿ. ನೋಟ ಹೊಸದಾದರೂ ಆಡುವ ಸುಖಕ್ಕಾಗಿ ಅಭಿಮಾನಿಗಳು ಅಷ್ಟು ವರ್ಷ ಕಾಯಬೇಕಾಯಿತು. ಇದಕ್ಕೆ ವಿರುದ್ಧವಾಗಿ ಗಿಲ್ಟಿ ಗಿಯರ್ ಎಕ್ಸ್‌ಎಕ್ಸ್ ಆಕ್ಸೆಂಟ್ ಕೋರ್ ಪ್ಲಸ್ ಆರ್‌ಗೆ 2020ರಲ್ಲಿ ಪಿಸಿಯಲ್ಲಿ ರೋಲ್‌ಬ್ಯಾಕ್ ಸೇರಿಸಿದಾಗ, ಒಂದೇ ಒಂದು ಹೊಸ ಚಿತ್ರವಿಲ್ಲದೆ ಆ ಆಟಕ್ಕೆ ಹೊಸ ಜೀವ ಬಂತು.

ಅಭಿಮಾನಿಗಳು ಹಳೆಯ ಆಟಗಳನ್ನು ಆನ್‌ಲೈನ್‌ನಲ್ಲಿ ಆಡಲು ಬಿಡುವ ಫೈಟ್‌ಕೇಡ್‌ನಂತಹ ಕಡೆ ಎಷ್ಟೋ ವರ್ಷಗಳಿಂದ ಒಳ್ಳೆಯ ರೋಲ್‌ಬ್ಯಾಕ್‌ನೊಂದಿಗೆ ಇವೇ ಆಟಗಳನ್ನು ಆಡುತ್ತಿದ್ದಾರೆ. ಹಣ ಕೊಟ್ಟು ಕೊಂಡ ಅಧಿಕೃತ ಆವೃತ್ತಿ ಅದಕ್ಕಿಂತ ಕೆಳಗಿದ್ದರೆ ಅವರು ಬರುವುದಿಲ್ಲ, ಅವರು ಬಾರದಿದ್ದರೆ ಹೊಸಬರಿಗೆ ಆಡಲು ಜನ ಸಿಗುವುದಿಲ್ಲ. ಇರುವ ಆಟಗಾರರನ್ನು ಕನ್ಸೋಲ್‌ಗೊಂದು ಗುಂಪಾಗಿ ಒಡೆಯದೆ ಎಲ್ಲ ಯಂತ್ರಗಳವರೂ ಪರಸ್ಪರ ಆಡುವಂತೆ ಮಾಡುವುದೂ ಅಷ್ಟೇ ಮುಖ್ಯ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಕೃತಜ್ಞತೆಗಳು. ಟಿವಿಯನ್ನು ಗೇಮ್ ಮೋಡ್‌ಗೆ ಬದಲಿಸಿ, ಕಂಟ್ರೋಲರ್‌ಗೆ ತಂತಿ ಜೋಡಿಸಿ ನೋಡಿದೆ. ಡ್ರಾಗನ್ ಪಂಚ್ ಈಗ ಸಮಯಕ್ಕೆ ಸರಿಯಾಗಿ ಏಳುತ್ತಿದೆ. ಕೊಂಡಿಗಳು ಮಾತ್ರ ಇನ್ನೂ ಆಗಾಗ ತಪ್ಪುತ್ತಿವೆ, ನೆರಳೂ ನಡುನಡುವೆ ಗಟ್ಟಿಯಾಗಿ ನಿಲ್ಲುತ್ತಿದೆ. ಆದ್ದರಿಂದ ಟಿವಿಯ ಪಾಲು ಟಿವಿಗೆ, ಆಟದ ಪಾಲು ಆಟಕ್ಕೆ ಎಂಬುದು ಸ್ಪಷ್ಟವಾಯಿತು.

ಇನ್ನೊಂದು ವಿಷಯವನ್ನೂ ಕೇಳಬೇಕೆನಿಸಿದೆ. ಮೂಲ ಆಟದಲ್ಲೇ ಇದ್ದ ದೋಷಗಳನ್ನು, ಪಾತ್ರಗಳ ನಡುವಿನ ಅಸಮತೋಲನವನ್ನು ಮರುಬಿಡುಗಡೆಯಲ್ಲಿ ತಿದ್ದಬೇಕೇ?

ಮೂರನೆಯ ಉತ್ತರ

ತಿದ್ದಬಾರದು ಎಂಬುದು ನನ್ನ ನಿಲುವು. ತಿದ್ದಲೇಬೇಕೆಂದಿದ್ದರೆ ಅದು ಪ್ರತ್ಯೇಕ ಆಯ್ಕೆಯಾಗಿರಬೇಕು, ಮೂಲ ಆವೃತ್ತಿ ಪಕ್ಕದಲ್ಲೇ ಮುಟ್ಟದೆ ಉಳಿದಿರಬೇಕು.

ಈ ಪ್ರಕಾರದ ಆಟಗಳಲ್ಲಿ ದೋಷ ಮತ್ತು ಆಟದ ನಡುವೆ ಗೆರೆ ಎಳೆಯುವುದು ಬಹಳ ಕಷ್ಟ. 1991ರ ಸ್ಟ್ರೀಟ್ ಫೈಟರ್ 2ರಲ್ಲಿ ಸಾಮಾನ್ಯ ಹೊಡೆತವನ್ನು ನಡುವಿನಲ್ಲೇ ಕಡಿದು ವಿಶೇಷ ಹೊಡೆತಕ್ಕೆ ಹೋಗುವ ಕಾಂಬೊ ಯಾರೂ ಯೋಜಿಸಿ ಮಾಡಿದ್ದಲ್ಲ. ಅಭಿವೃದ್ಧಿಯ ಹಂತದಲ್ಲಿ ಗಮನಕ್ಕೆ ಬಂದ ಅನಿರೀಕ್ಷಿತ ವರ್ತನೆಯನ್ನು ನಿರ್ಮಾಪಕರು ತೆಗೆಯದೆ ಬಿಟ್ಟರು. ಇಂದು ಕಾಂಬೊ ಇಲ್ಲದ ಫೈಟಿಂಗ್ ಗೇಮ್ ಅನ್ನು ಕಲ್ಪಿಸಿಕೊಳ್ಳಲೂ ಆಗುವುದಿಲ್ಲ. ಕ್ಯಾಪ್‌ಕಾಮ್ ವರ್ಸಸ್ ಎಸ್‌ಎನ್‌ಕೆ 2 ಆಟದ ರೋಲ್ ಕ್ಯಾನ್ಸಲ್ ಇನ್ನೊಂದು ಉದಾಹರಣೆ. ಉರುಳಲು ಆರಂಭಿಸಿದ ಮೊದಲ ಕೆಲವೇ ಫ್ರೇಮ್‌ಗಳಲ್ಲಿ ವಿಶೇಷ ಹೊಡೆತವನ್ನು ಒತ್ತಿದರೆ, ಉರುಳುವಾಗ ಏಟು ತಾಗದಿರುವ ಗುಣ ಆ ಹೊಡೆತಕ್ಕೂ ಅಂಟಿಕೊಳ್ಳುತ್ತದೆ. ಇದು ದೋಷವೇ ಸರಿ, ಮುಂದೆ ಗೇಮ್‌ಕ್ಯೂಬ್ ಮತ್ತು ಎಕ್ಸ್‌ಬಾಕ್ಸ್‌ಗೆ ಬಂದ ಆವೃತ್ತಿಯಲ್ಲಿ ಇದನ್ನು ತೆಗೆದರು. ಆದರೆ ಆ ವೇಳೆಗೆ ಆಟಗಾರರು ಅದರ ಮೇಲೆಯೇ ಒಂದು ಇಡೀ ಆಟದ ಪದ್ಧತಿಯನ್ನು ಕಟ್ಟಿಕೊಂಡಿದ್ದರು, ಪಂದ್ಯಾವಳಿಗಳಲ್ಲಿ ಅದಿದ್ದ ಆವೃತ್ತಿಯನ್ನೇ ಆಡುತ್ತ ಬಂದರು. ಮಾರ್ವೆಲ್ ವರ್ಸಸ್ ಕ್ಯಾಪ್‌ಕಾಮ್ 2ರಲ್ಲಿ 56 ಪಾತ್ರಗಳಿದ್ದು ಗಂಭೀರ ಪಂದ್ಯಗಳಲ್ಲಿ ಬೆರಳೆಣಿಕೆಯಷ್ಟೇ ಮೇಲುಗೈ ಸಾಧಿಸುತ್ತವೆ ಎಂಬುದೂ ಅಸಮತೋಲನವೇ. ಅದನ್ನು ಸರಿಪಡಿಸಿದರೆ ಸಿಗುವುದು ಬೇರೊಂದು ಆಟ.

2004ರ ಎವೊ ಪಂದ್ಯಾವಳಿಯಲ್ಲಿ ಡೈಗೊ ಉಮೆಹಾರ ಮತ್ತು ಜಸ್ಟಿನ್ ವಾಂಗ್ ನಡುವೆ ನಡೆದ ಥರ್ಡ್ ಸ್ಟ್ರೈಕ್ ಪಂದ್ಯವನ್ನು ಇಲ್ಲಿ ಬಹುತೇಕ ಎಲ್ಲರೂ ನೋಡಿರುತ್ತೀರಿ. ಉಮೆಹಾರ ಆಡಿಸುತ್ತಿದ್ದ ಕೆನ್ ಪಾತ್ರಕ್ಕೆ ಉಳಿದಿದ್ದ ಜೀವ ಎಷ್ಟು ಕಡಿಮೆಯೆಂದರೆ ವಾಂಗ್ ಆಡಿಸುತ್ತಿದ್ದ ಚುನ್-ಲಿಯ ಸೂಪರ್ ಆರ್ಟ್ (ಅತಿ ಪ್ರಬಲ ವಿಶೇಷ ಹೊಡೆತ) ಅನ್ನು ತಡೆದರೂ ತಡೆತದ ಮೇಲೆ ಬೀಳುವ ಅಲ್ಪ ಪೆಟ್ಟೇ ಸಾಕಿತ್ತು ಸೋಲಲು. ಉಳಿದಿದ್ದ ದಾರಿ ಪ್ಯಾರಿ ಒಂದೇ, ಅಂದರೆ ಪೆಟ್ಟಾಗದಂತೆ ಏಟನ್ನು ತಳ್ಳಿಹಾಕುವುದು. ಪ್ರತಿಯೊಂದು ಏಟು ತಾಗುವ ಕ್ಷಣಕ್ಕೆ ಸರಿಯಾಗಿ ಲಿವರ್ ಅನ್ನು ಮುಂದಕ್ಕೆ ತಟ್ಟಬೇಕು, ಅದರಲ್ಲೂ ಮೊದಲ ಏಟಿಗೆ ಸೂಪರ್ ಶುರುವಾಗುವ ಹೊತ್ತಿಗೇ ತಟ್ಟಿರಬೇಕು. ಹದಿನೈದು ಏಟುಗಳನ್ನೂ ಹಾಗೆ ತಳ್ಳಿಹಾಕಿ, ಕೊನೆಯದನ್ನು ಗಾಳಿಯಲ್ಲಿ ತಳ್ಳಿ, ಕೆಳಗಿಳಿಯುತ್ತ ಉಮೆಹಾರ ಪಂದ್ಯವನ್ನು ಗೆದ್ದರು. ಆ ಏಟುಗಳ ನಡುವಿನ ಲಯ 1999ರಲ್ಲಿ ಬರೆದಿಟ್ಟದ್ದು. ಹೊಸ ಆವೃತ್ತಿಯಲ್ಲಿ ಒಂದೇ ಒಂದು ಏಟು ಎರಡು ಫ್ರೇಮ್ ಆಚೀಚೆಯಾದರೂ ಆ ಪಂದ್ಯವನ್ನು ನೋಡಿ ಕಲಿತ ಕೈ ಅಲ್ಲಿ ಸೋಲುತ್ತದೆ. ಇದಕ್ಕಾಗಿಯೇ ಮೂಲ ಆರ್ಕೇಡ್ ಪ್ರೋಗ್ರಾಮ್ ಅನ್ನು ಬದಲಿಸದೆ ಓಡಿಸುವ ಎಮ್ಯುಲೇಷನ್‌ನ ಪರವಾಗಿ ನಾನು ಇದ್ದೇನೆ.

ಹೊಸ ಚಿತ್ರಗಳ ಬಗ್ಗೆ ಕೇಳಿದ್ದೀರಿ. 2008ರಲ್ಲಿ ಸೂಪರ್ ಸ್ಟ್ರೀಟ್ ಫೈಟರ್ 2 ಟರ್ಬೊ ಎಚ್‌ಡಿ ರೀಮಿಕ್ಸ್ ಬಂದಾಗ ಉಡಾನ್ ಸಂಸ್ಥೆಯ ಕಲಾವಿದರು ಪ್ರತಿಯೊಂದು ಸ್ಪ್ರೈಟ್ (ಪಾತ್ರದ ಚಿತ್ರ) ಅನ್ನೂ ದೊಡ್ಡ ಗಾತ್ರದಲ್ಲಿ ಮತ್ತೆ ಬಿಡಿಸಿದರು. ಶ್ರಮ ದೊಡ್ಡದು, ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಹೊಡೆತಗಳ ಕಾಲಾವಧಿ ಮೂಲದಂತೆಯೇ ಇರಬೇಕಾದ್ದರಿಂದ ಚಲನೆಯ ಫ್ರೇಮ್‌ಗಳ ಸಂಖ್ಯೆಯೂ ಹಳೆಯದೇ ಉಳಿಯಿತು. ಚಿಕ್ಕ ಪಿಕ್ಸೆಲ್ ಚಿತ್ರದಲ್ಲಿ ಚುರುಕಾಗಿ ಕಂಡ ಚಲನೆ ಸ್ಫುಟವಾದ ದೊಡ್ಡ ಚಿತ್ರದಲ್ಲಿ ನನಗೆ ಬಿಗಿಯಾಗಿ ಕಂಡಿತು. ಆ ಹಣ ಮತ್ತು ಸಮಯ ನೆಟ್‌ಕೋಡ್‌ಗೆ, ಒಳ್ಳೆಯ ಟ್ಯೂಬ್ ಪರದೆಯ ಫಿಲ್ಟರ್‌ಗೆ ಹೋದರೆ ಹೆಚ್ಚು ಸಾರ್ಥಕ. ಫಿಲ್ಟರ್ ಜೊತೆಗೆ ಆಕಾರದ ಅನುಪಾತವನ್ನೂ ನೋಡಿಕೊಳ್ಳಬೇಕು: ಕ್ಯಾಪ್‌ಕಾಮ್‌ನ ಆ ಕಾಲದ ಯಂತ್ರಗಳ ಚಿತ್ರ 384×224 ಪಿಕ್ಸೆಲ್‌ಗಳದ್ದು, ಅದನ್ನು 4:3 ಪರದೆಗೆ ಹೊಂದಿಸಿ ತೋರಿಸಲಾಗುತ್ತಿತ್ತು. ಪಿಕ್ಸೆಲ್‌ಗಳನ್ನು ಚೌಕವಾಗಿ ತೋರಿಸಿದರೆ ಪಾತ್ರಗಳೆಲ್ಲ ಕುಳ್ಳಾಗಿ ದಪ್ಪಗೆ ಕಾಣುತ್ತವೆ.

ಆಟವನ್ನು ಮುಟ್ಟದೆ ತರಬೇಕೆಂಬ ಇಚ್ಛೆಗೆ ಪರವಾನಗಿಯೂ ಅಡ್ಡ ಬರುತ್ತದೆ. ಸೋಲ್‌ಕ್ಯಾಲಿಬರ್ 2ರ ಗೇಮ್‌ಕ್ಯೂಬ್ ಆವೃತ್ತಿಯಲ್ಲಿದ್ದ ನಿಂಟೆಂಡೊ ಸಂಸ್ಥೆಯ ಪಾತ್ರ ಲಿಂಕ್ 2013ರ ಎಚ್‌ಡಿ ಆನ್‌ಲೈನ್ ಆವೃತ್ತಿಯಲ್ಲಿ ಇಲ್ಲ. ಹೈಹಾಚಿ ಮತ್ತು ಸ್ಪಾನ್ ಇಬ್ಬರೇ ಅತಿಥಿಗಳು. ಮಾರ್ವೆಲ್ ವರ್ಸಸ್ ಕ್ಯಾಪ್‌ಕಾಮ್ 2 ಕೂಡ 2009ರಲ್ಲಿ ಒಮ್ಮೆ ಮರಳಿ ಬಂದು, 2013ರ ಕೊನೆಗೆ ಡಿಜಿಟಲ್ ಅಂಗಡಿಗಳಿಂದ ಮರೆಯಾಗಿ, ಮತ್ತೆ ಕಾಣಿಸಿಕೊಂಡದ್ದು 2024ರಲ್ಲಿ. ಇಂತಹ ಆಟಗಳು ಡಿಸ್ಕ್ ಅಥವಾ ಕಾರ್ಟ್ರಿಡ್ಜ್ ರೂಪದಲ್ಲಿಯೂ ಸಿಗಬೇಕು ಎಂದು ನಾನು ಒತ್ತಿ ಹೇಳುವುದು ಇದರಿಂದಲೇ.

ನಾಲ್ಕನೆಯ ಉತ್ತರ

ದೋಷಗಳ ವಿಷಯದಲ್ಲಿ ಮೇಲಿನವರೊಂದಿಗೆ ನನಗೆ ಒಂದು ಕಡೆ ಭಿನ್ನಾಭಿಪ್ರಾಯವಿದೆ. ಆಟವನ್ನು ಅರ್ಧದಲ್ಲಿ ಹೆಪ್ಪುಗಟ್ಟಿಸುವ ದೋಷಗಳನ್ನು ಆನ್‌ಲೈನ್ ಶ್ರೇಯಾಂಕ ಪಂದ್ಯಗಳಲ್ಲಿ ಮುಚ್ಚಲೇಬೇಕು, ಏಕೆಂದರೆ ಆರ್ಕೇಡ್‌ನಲ್ಲಿ ಪಕ್ಕದಲ್ಲಿ ನಿಂತವರ ಮುಖ ನೋಡಿಕೊಂಡು ಯಾರೂ ಬೇಕೆಂದೇ ಹಾಗೆ ಮಾಡುತ್ತಿರಲಿಲ್ಲ. ಅಪರಿಚಿತರ ನಡುವೆ ಆ ಸಂಕೋಚ ಇರುವುದಿಲ್ಲ.

ಕಂಟ್ರೋಲರ್‌ಗಳ ಬಗ್ಗೆಯೂ ಎರಡು ಮಾತು. ಲಿವರ್‌ನಲ್ಲಿ ಎಡ ಮತ್ತು ಬಲವನ್ನು ಒಟ್ಟಿಗೆ ಒತ್ತಲು ಸಾಧ್ಯವಿರಲಿಲ್ಲವಾದ್ದರಿಂದ ಹಳೆಯ ಆಟಗಳು ಅಂತಹ ಒತ್ತನ್ನು ನಿರೀಕ್ಷಿಸಿಯೇ ಇಲ್ಲ. ಈಗ ಲಿವರ್ ಇಲ್ಲದ, ಗುಂಡಿಗಳೇ ಇರುವ ಕಂಟ್ರೋಲರ್‌ಗಳು ಸಾಮಾನ್ಯವಾಗಿರುವಾಗ, ಎರಡೂ ಒಟ್ಟಿಗೆ ಬಂದರೆ ಏನಾಗಬೇಕೆಂಬುದನ್ನು ಎಮ್ಯುಲೇಟರ್‌ನ ಹೊರಪದರದಲ್ಲೇ ತೀರ್ಮಾನಿಸಿ ಎಲ್ಲರಿಗೂ ಒಂದೇ ನಿಯಮ ಮಾಡಬೇಕು. ಮಾರ್ವೆಲ್ ಸಂಕಲನದಲ್ಲಿರುವಂತೆ ವಿಶೇಷ ಹೊಡೆತವನ್ನು ಒಂದೇ ಗುಂಡಿಗೆ ಹಾಕಿಕೊಳ್ಳುವ ಸೌಲಭ್ಯ ಹೊಸಬರಿಗೆ ಬಾಗಿಲು ತೆರೆಯುತ್ತದೆ, ನನಗೆ ಅದು ಮೆಚ್ಚುಗೆಯೇ. ಆದರೆ ಡ್ರಾಗನ್ ಪಂಚ್‌ನ ಚಲನೆ ಕಷ್ಟವಾಗಿರುವುದೇ ಅದರ ಬೆಲೆಯಾದ್ದರಿಂದ, ಶ್ರೇಯಾಂಕ ಪಂದ್ಯಗಳಲ್ಲಿ ಅದನ್ನು ಬೇರೆಯಾಗಿಯೇ ಇಡಬೇಕು.

ಟ್ರೇನಿಂಗ್ ಮೋಡ್‌ನಲ್ಲಿ ಹಿಟ್‌ಬಾಕ್ಸ್ (ಏಟು ತಾಗುವ ಪ್ರದೇಶ) ಮತ್ತು ಒತ್ತುಗಳ ಇತಿಹಾಸವನ್ನು ಫ್ರೇಮ್ ಲೆಕ್ಕದಲ್ಲಿ ತೋರಿಸಿದರೆ ಮೂಲ ಆಟದ ಒಂದು ಅಕ್ಷರವನ್ನೂ ಮುಟ್ಟದೆ ದೊಡ್ಡ ಉಪಕಾರ ಮಾಡಿದಂತಾಗುತ್ತದೆ. ಪ್ರಶ್ನೆ ಕೇಳಿದವರ ಆಟದಲ್ಲಿ ಆ ಇತಿಹಾಸ ಕಾಣುವ ಆಯ್ಕೆ ಇದೆಯೇ ನೋಡಿ. ಇದ್ದರೆ, ಕೂಡಿದ ಕೊಂಡಿ ಮತ್ತು ತಪ್ಪಿದ ಕೊಂಡಿಗಳಲ್ಲಿ ಎರಡು ಒತ್ತುಗಳ ನಡುವೆ ಎಷ್ಟೆಷ್ಟು ಫ್ರೇಮ್ ತೋರಿಸುತ್ತದೆ ಎಂಬುದನ್ನು ಬರೆದುಕೊಂಡು, ಪರದೆಯ ವಿಡಿಯೊದೊಂದಿಗೆ ಪ್ರಕಾಶಕರ ಬೆಂಬಲ ವಿಭಾಗಕ್ಕೆ ಕಳುಹಿಸಿ. ಆಟ ತಡವಾಗಿದೆ ಎಂಬ ದೂರಿಗಿಂತ ಫ್ರೇಮ್ ಸಂಖ್ಯೆ ಇರುವ ದೂರು ಆಟವನ್ನು ತಿದ್ದುವ ತಂಡದ ಮೇಜನ್ನು ಬೇಗ ತಲುಪುತ್ತದೆ.